ಜಲ್ಲಿಯೊಳಗ ನಾಕು

ಸೋಲಾಪುರದಾಗ ಮೇ ತಿಂಗಳು ಅಂದ್ರ
ಮುಂಜಾನಿ ಏಳಕ್ಕ ಮಧ್ಯಾಹ್ನ.
ವಿಜಾಪುರ ನಾಕಾ ದಾಟಿ ಉದ್ಯಾನದ ಗೇಟಿಗೆ ಬರೂದ್ರಾಗ
ಕ್ಯಾಮೆರಾದ ಚೀಲ ಬೆನ್ನಿಗೆ ಅಂಟಿತ್ತು.

ಕಾವಲಿನ ಮಳಸಿದ್ದ, ತಲಿಗೆ ಒದ್ದಿ ಟಾವೆಲ್,
ಮೂರು ಭಾಷಾದಾಗ ಒಂದೇ ಮಾತು ಹೇಳತಾನ:
ಹುಲ್ಲಿನ ಮ್ಯಾಲ ನಡೀಬ್ಯಾಡ್ರಿ.
ಹುಲ್ಲು ಎಲ್ಲದ ಅಂತ ನಾ ಕೇಳಂಗಿಲ್ಲ.

ವಾರೆಲ್ಲಾ ನಾ ತಗಿಯೋದು ಪಾಸ್‌ಪೋರ್ಟ್ ಸೈಜು.
ಗದ್ದ ಎತ್ತರಿ. ಕಿವಿ ಕಾಣಲಿ. ನಗಬ್ಯಾಡ್ರಿ.
ಬೀಡಿ ಕಟ್ಟೋ ಹೆಣ್ಮಕ್ಕಳು ಬರತಾರ,
ಬೆರಳಿನ ತುದಿ ಕಂದು.
ಫೋಟೋದಾಗ ಬೆರಳು ಬರೂದಿಲ್ಲ.
ಹಿಂದ ನೀಲಿ ಪರದೆ, ಎಂಟು ಪ್ರತಿ, ಐವತ್ತು ರೂಪಾಯಿ.
ಅದಕ್ಕ ರವಿವಾರ ಹಕ್ಕಿ.
ಹಕ್ಕಿಗೆ ಗದ್ದ ಎತ್ತು ಅನ್ನಲಿಕ್ಕೆ ಬರಂಗಿಲ್ಲ.

ಕೆರಿ ಬತ್ತಿ ಕೆಸರಿನ ತಾಟು ಆಗ್ಯದ.
ಬೆಳ್ಳಕ್ಕಿ ಎರಡು, ಸಾಲ ಕೇಳಲಿಕ್ಕೆ ಬಂದವರಂಗ
ಒಂದಕ್ಕೊಂದು ಗುರುತಿಲ್ಲದಂಗ ನಿಂತಾವ.
ಬೇವಿನ ಬುಡಕ ಹರಟೆಮಲ್ಲರು ಏಳೂ ಮಂದಿ ಬಾಯಿ ತೆರದಾರ,
ಹರಟಿ ಇಲ್ಲ, ಬರೇ ಏದುಸಿರು.
ಮುರುಕ ನಳದ ಮ್ಯಾಲ ಮಿಂಚುಳ್ಳಿ:
ಮೂವತ್ತು ಸಲ ಒತ್ತಿದೆ, ಮೂವತ್ತೂ ಬೆನ್ನು.

ಆಮ್ಯಾಲ ಅಕಿ.
ಹಾದಿಗೆ ಅಂತ ತಂದು ಸುರುವಿ ಮರೆತ ಜಲ್ಲಿ,
ಅದರ ಅಂಚಿನಾಗ ಹಳದಿ ಕಾಲು,
ಕಣ್ಣಮುಂದ ಕೆಂಪು ತೊಗಲು,
ಈ ಬಿಸಿಲಿನಾಗ ಕುತ್ತಿಗಿಗೆ ಕರೀ ಮಫ್ಲರ್.
ಹೆಜ್ಜಿ ಇಟ್ಟೆ. ಎದ್ದಳು, ಕೂಗಿದಳು.
ಟಿಟ್ಟಿವಿ ರಾತ್ರಿ ಹಂಗ ಕೂಗಿದ್ರ
ನಮ್ಮವ್ವ ದೀಪದ ಬತ್ತಿ ಏರಸತಿದ್ದಳು.
ಆಕಾಶ ಬಿದ್ದರ ಹಿಡೀಲಿಕ್ಕೆ
ಕಾಲು ಮ್ಯಾಲ ಮಾಡಿ ಮಲಗತದಂತ.
ಇಲ್ಲಿಯ ಆಕಾಶ ಬೀಳಂಗಿಲ್ಲವ್ವ, ಸುಡತದ.

ಜಲ್ಲಿಯೊಳಗ ನಾಕು ಕಲ್ಲು
ಕಲ್ಲಲ್ಲ.

ಒಂದು ಸಲ ಒತ್ತಿದೆ. ಬೆಳಕು ಚಲೋ ಇತ್ತು,
ಅಂದ್ರ ತತ್ತಿಗೆ ಕೆಟ್ಟದಿತ್ತು.
ಅಕಿ ನೆತ್ತಿ ಮ್ಯಾಲ ಸುತ್ತಿ ಸುತ್ತಿ ಬೈದಳು,
ರೆಕ್ಕಿ ಗಾಳಿ ಕಿವಿಗೆ ತಾಗೂವಷ್ಟು ಕೆಳಗ.
ಒಂದು ನಿಮಿಷ. ಎರಡು.
ಲೆನ್ಸಿನ ಕೊಳವಿ ಮುಟ್ಟಿದೆ, ಬೆರಳು ಚುರ್ ಅಂತು.
ಅವು ನಾಕಕ್ಕ ಯಾವ ನೆರಳು?

ಹಿಂದ ಸರಿದೆ ಇಪ್ಪತ್ತು ಹೆಜ್ಜಿ. ಸಾಲದು ಅಂದಳು.
ನಲವತ್ತು. ಶೌಚಾಲಯದ ಗ್ವಾಡಿ ಮರಿಗೆ
ಬ್ಲೀಚಿಂಗ್ ಪುಡಿ ವಾಸನಿಯೊಳಗ ಕುಕ್ಕರಗಾಲಿಲೆ ಕುಂತೆ.
ಅಕಿ ತತ್ತಿಗೆ ಹೋಗಲಿಲ್ಲ. ಕೆರಿಗೆ ಹೋದಳು.
ಉಳಿದ ಬೊಗಸಿ ನೀರಿಗೆ ಹೊಟ್ಟಿ ಹಚ್ಚಿ
ಎಡಕ್ಕ ಬಲಕ್ಕ ಅಲ್ಲಾಡಿ
ಬಿಳೀ ಪುಕ್ಕಕ್ಕ ನೀರು ಕುಡಿಸಿ
ತಟತಟ ನಡಕೊಂತ ಬಂದಳು,
ದಾರಿ ತುಂಬ ಹನಿ,
ಹನಿ ಬಿದ್ದಲ್ಲೇ ಆರಿದವು.
ತತ್ತಿ ಮ್ಯಾಲ ಕುಂತಳು,
ಮಳಸಿದ್ದನ ತಲಿಯ ಟಾವೆಲ್ಲಿನಂಗ.

ನಾ ಅದನ್ನ ತಗೀಲಿಲ್ಲ.
ಸುಳ್ಳ್ಯಾಕ, ತಗದೆ.
ಕಣ್ಣಿಗೆ ಬೆವರು ಇಳದಿತ್ತು, ಎಲ್ಲಾ ಮಬ್ಬು ಬಂತು.

ಹಿಂದಿನಿಂದ ಮಳಸಿದ್ದ ಅಂದ:
ದಿನಕ್ಕ ಹನ್ನೊಂದು ಸಲ ಹೋಗತದ್ರಿ, ಎಣಿಸೀನಿ.
ಇಲ್ಲಿ ಎಣಿಸಲಿಕ್ಕೆ ಬ್ಯಾರೆ ಏನದ?
ಆಗ ಕಂಡಿತು, ಜಲ್ಲಿ ರಾಶಿಗೆ ಒರಗಿ
ಗೇಟಿನ ಕಡೆಯಿಂದ ಕಿತ್ತು ತಂದು ನೆಟ್ಟ ಬೋರ್ಡು,
ಮೂರು ಭಾಷಾದಾಗ:
ಹುಲ್ಲಿನ ಮೇಲೆ ನಡೆಯಬಾರದು.

ಸೋಮವಾರ ಅಂಗಡಿಯಾಗ
ಕಂಪ್ಯೂಟರಿನ ಮ್ಯಾಲ ದೊಡ್ಡದು ಮಾಡಿ ಹುಡುಕಿದೆ.
ಜಲ್ಲಿ. ಜಲ್ಲಿ. ನನ್ನ ನೆರಳಿನ ತುದಿ. ಜಲ್ಲಿ.
ಎರಡು ಸಿಕ್ಕವು, ಒಂದು ಖರೇನೋ ಸುಳ್ಳೋ.
ಗುರುತಿನ ಚೀಟಿಗೆ ಬಂದ ಅಂಬುಬಾಯಿ
ನೀಲಿ ಪರದೆ ಮುಂದಿಂದ ಎದ್ದು ಬಗ್ಗಿ ನೋಡಿದಳು,
ಸಾವಿರದ ಲೆಕ್ಕಕ್ಕ ಬೀಡಿ ಎಣಿಸೋ ಕಣ್ಣು.
ಕಂದು ಬೆರಳು ಗಾಜಿಗೆ ಹಚ್ಚಿ
ಒಂದು, ಎರಡು, ಇದು ಮೂರು,
ನಾಕನೇದ್ದು ಇಲ್ಲದ ನೋಡ್ರಿ, ಅಂದಳು.